ಟರ್ಬೋ ಹೋಗಿದೆ ಅಂದ್ರು, ಹೋಗಿದ್ದು ಒಂದು ಹೋಸು

ಹೋದ ತಿಂಗಳು ಮಂಗಳೂರಿಂದ ಹಾಸನಕ್ಕೆ ವಾಪಸ್ ಬರ್ತಾ, ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತೋಕೆ ಶುರು ಮಾಡಿದ್ವಿ ಅಷ್ಟೇ, ಮುಂದೆ ಒಂದು ಲಾರಿ ತೆವಳ್ತಾ ಇತ್ತು, ಓವರ್‌ಟೇಕ್ ಮಾಡೋಣ ಅಂತ ಮೂರನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಒತ್ತಿದೆ ನೋಡಿ, ಡುಬ್ ಅಂತ ಏನೋ ಸದ್ದು, ಆಮೇಲೆ ಉಸ್ಸ್ ಅಂತ ಗಾಳಿ, ಗಾಡಿ ಎಳೀತಾನೇ ಇಲ್ಲ! ಕನ್ನಡೀಲಿ ನೋಡಿದ್ರೆ ಹಿಂದೆ ಕರೀ ಹೊಗೆ. ಚೆಕ್ ಇಂಜಿನ್ ಲೈಟ್ ಹತ್ಕೊಂತು, ಮುಳ್ಳು 3000 ಆರ್‌ಪಿಎಂ ದಾಟ್ಲಿಲ್ಲ. ಇದನ್ನೇ ಲಿಂಪ್ ಮೋಡ್ ಅನ್ನೋದು, ಏನೋ ಸರಿ ಇಲ್ಲ ಅಂತ ಗೊತ್ತಾದ್ರೆ ಇಂಜಿನ್ ಹಾಳಾಗದೇ ಇರ್ಲಿ ಅಂತ ಗಾಡಿ ತಾನೇ ಪವರ್ ಕಮ್ಮಿ ಮಾಡ್ಕೊಳುತ್ತೆ. ಸೈಡಿಗೆ ಹಾಕಿ ಆಫ್ ಮಾಡಿ ಆನ್ ಮಾಡಿದ್ರೆ ಸ್ವಲ್ಪ ಹೊತ್ತು ಸರಿಹೋದಂಗೆ ಅನ್ಸೋದು, ಎರಡು ತಿರುವು ಹತ್ತೋದ್ರೊಳಗೆ ಮತ್ತೆ ಅದೇ ಕಥೆ. ಹಂಗೂ ಹಿಂಗೂ ಎರಡನೇ ಗೇರಲ್ಲೇ ಸಕಲೇಶಪುರ ತಲುಪಿದ್ವಿ.

ಮಾರನೇ ದಿನ ಗ್ಯಾರೇಜಲ್ಲಿ ಬಾನೆಟ್ ಎತ್ತಿ ಎರಡು ಸಲ ರೇಸ್ ಮಾಡಿ ಕೇಳಿದವ್ರೇ "ಟರ್ಬೋ ಹೋಗಿದೆ ಸಾರ್, 45 ಸಾವಿರ ಆಗುತ್ತೆ" ಅಂದ್ರು. ಟರ್ಬೋ ಅಂದ್ರೆ ಇಂಜಿನ್‌ಗೆ ಗಾಳಿ ಒತ್ತಿ ತುಂಬೋ ಫ್ಯಾನು. ಗಾಡಿ ಹತ್ತು ವರ್ಷದ ಹಳೇ ಡೀಸೆಲ್, ಮಾರಿದ್ರೆ ಎಷ್ಟು ಬರುತ್ತೋ ಅದರಲ್ಲಿ ಕಾಲುಭಾಗ ಇದಕ್ಕೇ ಹೋಗುತ್ತೆ. ಮನೇಲಿ ಕೇಳಿ ಹೇಳ್ತೀನಿ ಅಂತ ಎದ್ದು ಬಂದೆ.

ಮೊದಲು ಗಾಬರೀಲಿ ಮಾಡಿದ ಪೆದ್ದು ಕೆಲ್ಸ ಹೇಳ್ಬಿಡ್ತೀನಿ, ಏನೂ ಚೆಕ್ ಮಾಡ್ದೇ ಹೊಸ ಏರ್ ಫಿಲ್ಟರ್ ತಂದು ಹಾಕಿದೆ, ಡೀಸೆಲ್ ಫಿಲ್ಟರಿಂದ ನೀರು ಬಿಟ್ಟೆ. ಏನೂ ವ್ಯತ್ಯಾಸ ಇಲ್ಲ. ಆಮೇಲೆ ಕೂತು ಯೋಚನೆ ಮಾಡಿದೆ. ಕ್ಲಚ್ ಸ್ಲಿಪ್ ಆಗಿದ್ರೆ ಆರ್‌ಪಿಎಂ ಏರುತ್ತೆ ಸ್ಪೀಡ್ ಏರಲ್ಲ, ನಮ್ದರಲ್ಲಿ ಆರ್‌ಪಿಎಂ ಏರೋಕೇ ಒದ್ದಾಡ್ತಿದೆ, ಸೋ ಕ್ಲಚ್ ಅಲ್ಲ. ಡೀಸೆಲ್ ಸಾಕಾಗ್ತಿಲ್ಲ ಅಂದ್ರೆ ಕರೀ ಹೊಗೆ ಬರಲ್ಲ, ಕರೀ ಹೊಗೆ ಅಂದ್ರೆ ಡೀಸೆಲ್ ಬರ್ತಿದೆ, ಸುಡೋಕೆ ಗಾಳಿ ಸಾಲ್ತಿಲ್ಲ.

ಆನ್‌ಲೈನಲ್ಲಿ ಎಂಟ್ನೂರು ರೂಪಾಯಿ ಕೊಟ್ಟು ಒಂದು ಬ್ಲೂಟೂತ್ ಓಬಿಡಿ ಡಾಂಗಲ್ (ಗಾಡಿಯ ಕಂಪ್ಯೂಟರಲ್ಲಿರೋ ತಪ್ಪಿನ ಕೋಡ್ ಓದೋ ಸಣ್ಣ ಸಾಧನ) ತರಿಸಿದೆ, ಸ್ಟೀರಿಂಗ್ ಕೆಳಗಿರೋ ಸಾಕೆಟ್‌ಗೆ ಚುಚ್ಚಿ ಫೋನಲ್ಲಿ ನೋಡಿದ್ರೆ ಕೋಡ್ ಪಿ0299, ಟರ್ಬೋ ಅಂಡರ್‌ಬೂಸ್ಟ್. ಇಲ್ಲೇ ಜನ ಎಡವೋದು. ಅದು ಟರ್ಬೋ ಸತ್ತಿದೆ ಅಂತ ಹೇಳ್ತಿಲ್ಲ, ಇಂಜಿನ್‌ಗೆ ಬರಬೇಕಾದಷ್ಟು ಪ್ರೆಶರ್ ಬರ್ತಿಲ್ಲ ಅಂತ ಅಷ್ಟೇ. ಟರ್ಬೋನ ಕಂಟ್ರೋಲ್ ಮಾಡೋ ಒಂದು ಸಣ್ಣ ವ್ಯಾಕ್ಯೂಮ್ ಪೈಪನ್ನ ಇಲಿ ಕಡಿದ್ರೂ ಅದೇ ಕೋಡ್ ಬರುತ್ತೆ.

ಮುಖ್ಯವಾದ ಟೆಸ್ಟ್ ಇದು. ಇಂಜಿನ್ ಆಫ್, ಇಗ್ನಿಷನ್ ಮಾತ್ರ ಆನ್ ಇದ್ದಾಗ ಮ್ಯಾಪ್ ಸೆನ್ಸರ್ (ಇಂಜಿನ್‌ಗೆ ಹೋಗೋ ಗಾಳಿಯ ಒತ್ತಡ ಅಳೆಯೋದು) ತೋರಿಸೋದು ಹೊರಗಿನ ಗಾಳಿಯ ಒತ್ತಡ. ಸಮುದ್ರ ಮಟ್ಟದಲ್ಲಿ 101 ಕಿಲೋಪಾಸ್ಕಲ್ ಇರುತ್ತೆ, ಹಾಸನ ಎತ್ತರದಲ್ಲಿರೋದ್ರಿಂದ ನಮಗೆ 90ರ ಆಸುಪಾಸು. 90 ತೋರಿಸ್ತು, ಅಂದ್ರೆ ಸೆನ್ಸರ್ ಸುಳ್ಳು ಹೇಳ್ತಿಲ್ಲ. ಇನ್ನು ನ್ಯೂಟ್ರಲಲ್ಲಿ ನಿಲ್ಸಿ ರೇಸ್ ಮಾಡಿದ್ರೆ ಪ್ರಯೋಜನ ಇಲ್ಲ, ಲೋಡ್ ಇಲ್ದೇ ಟರ್ಬೋ ಸರಿಯಾಗಿ ಗಾಳಿ ಒತ್ತೋದೇ ಇಲ್ಲ. ಹಂಗಾಗಿ ಭಾಮೈದನ್ನ ಪಕ್ಕದಲ್ಲಿ ಕೂರಿಸ್ಕೊಂಡು ಊರಾಚೆ ಖಾಲಿ ರೋಡಲ್ಲಿ ಒಂದು ಅಪ್ ಹತ್ತಿಸ್ದೆ, ಮೂರನೇ ಗೇರು, ಫುಲ್ ಆಕ್ಸಿಲರೇಟರ್. "98... 105... 112... ಭಾವ, ಇಷ್ಟೇ, ನಿಂತೋಯ್ತು" ಅಂದ. ಚೆನ್ನಾಗಿರೋ ಗಾಡೀಲಿ ಅದು 200ರ ಹತ್ರ ಹೋಗ್ಬೇಕು.

ಮನೆಗೆ ಬಂದು ಇಂಜಿನ್ ಪೂರ್ತಿ ತಣ್ಣಗಾಗೋವರೆಗೂ ಕಾದೆ (ಟರ್ಬೋ ಹತ್ರ ಬಿಸಿ ಇದ್ದಾಗ ಕೈ ಹಾಕ್ಬೇಡಿ, ಚರ್ಮ ಕಿತ್ತು ಬರುತ್ತೆ). ಏರ್ ಫಿಲ್ಟರ್ ಕಡೆಯ ಪೈಪ್ ಬಿಚ್ಚಿ ಟರ್ಬೋ ಒಳಗಿನ ಫ್ಯಾನನ್ನ ಬೆರಳಲ್ಲಿ ತಿರುಗಿಸ್ದೆ, ಸಲೀಸಾಗಿ ತಿರುಗ್ತು, ಎಲ್ಲೂ ಉಜ್ಜಲ್ಲ, ಹಿಂದೆ ಮುಂದೆ ಎಳೆದ್ರೆ ಅಲುಗಾಡಲ್ಲ, ರೆಕ್ಕೆ ಮುರಿದಿಲ್ಲ. ಅಲ್ಲಿಗೇ ಅರ್ಧ ಜೀವ ಬಂತು. ಆಮೇಲೆ ಟರ್ಬೋದಿಂದ ಇಂಟರ್‌ಕೂಲರ್‌ಗೆ (ಆ ಗಾಳೀನ ತಣ್ಣಗೆ ಮಾಡೋ ರೇಡಿಯೇಟರ್), ಅಲ್ಲಿಂದ ಇಂಜಿನ್‌ಗೆ ಹೋಗೋ ದಪ್ಪ ರಬ್ಬರ್ ಹೋಸುಗಳನ್ನ ಒಂದೊಂದೇ ಹಿಂಡ್ತಾ ಹೋದೆ. ಕೆಳಗಿನ ಹೋಸ್ ಬಾಗೋ ಕಡೆ ಕೈಗೆ ಕರೀ ಎಣ್ಣೆ ಜಿಡ್ಡು ಅಂಟ್ಕೊಂತು. ಮೇಲಿಂದ ನೋಡಿದ್ರೆ ಏನೂ ಕಾಣಲ್ಲ, ಹಿಂಡಿದ್ರೆ ಮಾತ್ರ ಕ್ಲ್ಯಾಂಪ್ ಪಕ್ಕ ನಾಲ್ಕು ಬೆರಳು ಉದ್ದದ ಸೀಳು ಮೀನಿನ ಬಾಯಿ ತರ ತೆರ್ಕೊಳುತ್ತೆ! ಗ್ಯಾರೇಜಲ್ಲಿ ನಿಂತ ಗಾಡೀನ ರೇಸ್ ಮಾಡಿದ್ರೆ ಹೆಂಗೆ ಗೊತ್ತಾಗ್ಬೇಕು ಹೇಳಿ.

ಹೊಸ ಹೋಸ್ ಬರೋಕೆ ಎರಡು ದಿನ ಅಂದ್ರು, ಅಲ್ಲೀವರೆಗೂ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಬಿಗಿಯಾಗಿ ಸುತ್ತಿ ಮೇಲೊಂದು ಕ್ಲ್ಯಾಂಪ್ ಹಾಕ್ದೆ, ಊರೊಳಗೆ ಓಡಾಡೋಕೆ ಸಾಕಾಯ್ತು. ಹೋಸು 1,850 ರೂಪಾಯಿ, ಹಾಕಿದ್ದು ನಾನೇ, ಬಂಪರ್ ಕೆಳಗೆ ಮಲಗಿ ಒಂದೂವರೆ ಗಂಟೆ. ಕೋಡ್ ಅಳಿಸಿ ಮತ್ತೆ ಅದೇ ಅಪ್ಪಿಗೆ ಹೋದ್ವಿ, ಭಾಮೈದ ಫೋನ್ ಹಿಡ್ಕೊಂಡು 150, 180 ಅಂತ ಕೂಗ್ತಾ ಬಂದವ್ನು 205 ಅಂದಾಗ ಸೀಟಿಗೆ ಒರಗಿದ್ದ. ಸುಮ್ನೆ ತಂದ ಏರ್ ಫಿಲ್ಟರಿನ ದುಡ್ಡು ಲೆಕ್ಕಕ್ಕೆ ಸೇರಿಸ್ಬೇಡಿ ಅಂತ ಮನೇಲಿ ಹೇಳಿದ್ದೀನಿ.