ಆಡದೆ ಓದಿದ ಆಟಗಳು

ಚಿಕ್ಕಮಗಳೂರಿನ ಆಷಾಢದ ಮಳೆಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಹಳೇ ಪೇಪರ್ ಒಣಗುತ್ತಾ? ಮೊನ್ನೆ ಮಾರ್ಕೆಟ್ ಹತ್ತಿರದ ಗುಜರಿ ಅಂಗಡಿಯಲ್ಲಿ ಒದ್ದೆ ನ್ಯೂಸ್‌ಪೇಪರ್ ಕಟ್ಟಿನ ಅಡಿಯಲ್ಲಿ ಬಣ್ಣದ ಮೂಲೆಯೊಂದು ಕಾಣಿಸಿತು. ಎಳೆದು ನೋಡಿದರೆ ‘ಡಿಜಿಟ್’ ಕಂಪ್ಯೂಟರ್ ಪತ್ರಿಕೆ. ಜೊತೆಗೆ ಅದರದ್ದೇ ಗೇಮಿಂಗ್ ಪತ್ರಿಕೆ ‘ಸ್ಕೋರ್’. ಎದೆ ಢವಢವ ಅನ್ನತೊಡಗಿತು.

“ಅಣ್ಣಾ, ಈ ಕಟ್ಟು ಪೂರ್ತಿ ನನಗೆ ಕೊಡಿ.”

“ಒದ್ದೆ ಆಗಿದೆ ಸಾರ್, ತೂಕ ಜಾಸ್ತಿ ಬರುತ್ತೆ. ಒಣಗಿಸಿ ಇಟ್ಟಿರ್ತೀನಿ, ಆಮೇಲೆ ಬನ್ನಿ.”

“ಬೇಡ ಬೇಡ, ಹಾಗೇ ತೂಗಿ.”

ಒಳ್ಳೆ ಮನಸ್ಸಿನಿಂದ ಹೇಳಿದ್ದರು ಪಾಪ. ಆದರೆ ಇಂಥ ನುಣುಪು ಹಾಳೆಗೆ ಜೇಡಿಮಣ್ಣಿನ ಲೇಪ ಇರುತ್ತದೆ. ನೆಂದ ಹಾಳೆಗಳು ಹಾಗೇ ಒಣಗಿದರೆ ಒಂದಕ್ಕೊಂದು ಅಂಟಿ ಹಲಗೆಯಂತಾಗುತ್ತವೆ. ಆಮೇಲೆ ಬಿಡಿಸಲು ಹೋದರೆ ಅಕ್ಷರವೇ ಕಿತ್ತು ಬರುತ್ತದೆ. ಬಿಡಿಸುವುದಿದ್ದರೆ ಒದ್ದೆ ಇರುವಾಗಲೇ ಬಿಡಿಸಬೇಕು.

ಮನೆಗೆ ಬಂದವನೇ ನೆಲದ ಮೇಲೆ ಕೂತೆ. ಮೂಲೆಯಿಂದ ನಿಧಾನವಾಗಿ ಎತ್ತುವುದು, ನಡುವೆ ಬಟರ್ ಪೇಪರ್ ತೂರಿಸುವುದು, ಮುಂದಿನ ಹಾಳೆಗೆ ಹೋಗುವುದು. ಬೂಷ್ಟಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಹೀಗೆ ಬಿಡಿಸುತ್ತಿದ್ದಾಗ ‘ವೈಸ್ ಸಿಟಿ’ ಆಟದ ಚೀಟ್ ಕೋಡ್‌ಗಳ, ಅಂದರೆ ಆಡುವಾಗ ಟೈಪ್ ಮಾಡಿದರೆ ಬೇಕಾದ್ದು ಸಿಗುವ ಗುಟ್ಟಿನ ಪದಗಳ, ಪುಟ ಬಂತು. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಯಾರೋ ಹುಡುಗ ಕನ್ನಡದಲ್ಲಿ ಬರೆದಿದ್ದ: ‘ಪ್ಯಾಂಜರ್ – ಟ್ಯಾಂಕ್ ಬರುತ್ತೆ’, ‘ಲೀವ್ ಮಿ ಅಲೋನ್ – ಪೊಲೀಸ್ ಹೋಗ್ತಾರೆ’. ಎರಡನೆಯದರ ಕೆಳಗೆ ಹಾಳೆ ಹರಿಯುವಷ್ಟು ಒತ್ತಿ ಗೆರೆ ಎಳೆದಿದ್ದ.

ಮೊದಲೆಲ್ಲ ನಮಗೆ ಇಂಥ ಗುಟ್ಟು ಬಾಯಿಂದ ಬಾಯಿಗೆ ಬರುತ್ತಿತ್ತು. ಟಿವಿ ಗೇಮ್‌ನಲ್ಲಿ ‘ಕಾಂಟ್ರಾ’ ಶುರುವಾಗುವ ಮುಂಚೆ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ ಒತ್ತಿದರೆ 30 ಜೀವ. ಜಪಾನಿನ ಕಜುಹಿಸಾ ಹಶಿಮೊಟೊ 1986ರಲ್ಲಿ ‘ಗ್ರಾಡಿಯಸ್’ ಆಟವನ್ನು ಪರೀಕ್ಷಿಸುವಾಗ, ಅದು ತೀರಾ ಕಷ್ಟ ಅಂತ ತನಗೋಸ್ಕರ ಇಂಥದ್ದೊಂದು ಕೋಡ್ ಇಟ್ಟುಕೊಂಡಿದ್ದ. ಅದರಿಂದಲೇ ಬಂದದ್ದು ಇದು. ನಮ್ಮ ಬೀದಿಯ ಮಕ್ಕಳಿಗೆ ಅದು ಮಗ್ಗಿಗಿಂತ ಚೆನ್ನಾಗಿ ಬರುತ್ತಿತ್ತು.

2003ರಲ್ಲಿ ‘ವೈಸ್ ಸಿಟಿ’ ಕಂಪ್ಯೂಟರ್‌ಗೆ ಬಂದಾಗ ಕನಿಷ್ಠ 128 ಎಂಬಿ ರ್‍ಯಾಮ್, 32 ಎಂಬಿ ಗ್ರಾಫಿಕ್ಸ್ ಕಾರ್ಡ್ ಬೇಕಿತ್ತು. ನಮ್ಮ ಮನೆಯಲ್ಲಿ ಕಂಪ್ಯೂಟರೇ ಇರಲಿಲ್ಲ. ಆದರೂ ಆ ಲೆಕ್ಕ ನನಗೆ ಬಾಯಿಪಾಠ. ಅಣ್ಣ ಮತ್ತು ನಾನು ಪತ್ರಿಕೆ ಮಧ್ಯೆ ಇಟ್ಟುಕೊಂಡು, ಯಾವ ಗಾಡಿ ಹತ್ತಬೇಕು, ಎಲ್ಲಿ ತಿರುಗಬೇಕು ಅಂತ ಜಗಳ ಆಡುತ್ತಿದ್ದೆವು. ಕೊನೆಗೂ ಐ.ಜಿ. ರಸ್ತೆಯ ಬ್ರೌಸಿಂಗ್ ಸೆಂಟರ್‌ನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೂತಾಗ ಆಟದೊಳಗಿನ ಆ ಊರು ನಮಗೆ ಹೊಸದು ಅನ್ನಿಸಲೇ ಇಲ್ಲ. ಓದಿದ್ದೂ ಆಡಿದ್ದೇ, ಅಲ್ವಾ?

ಪತ್ರಿಕೆ ಕೂಡಿಡುವವರಲ್ಲಿ ಹಲವರಿಗೆ ಕಲೆಯಿಲ್ಲದ, ಗೀಚಿಲ್ಲದ ಪ್ರತಿಯೇ ಬೇಕು. ಅಂಥದ್ದಕ್ಕೇ ಬೆಲೆ ಜಾಸ್ತಿ. ನನಗೆ ಮಾತ್ರ ಗೀಚಿದ್ದೇ ಬೇಕು. ಆಟದ ಚೀಟ್ ಕೋಡ್ ಇವತ್ತು ಎಲ್ಲಿ ಬೇಕಾದರೂ ಸಿಗುತ್ತದೆ, ‘ಪೊಲೀಸ್ ಹೋಗ್ತಾರೆ’ ಅಂತ ಆ ಹುಡುಗ ಬರೆದದ್ದು ಇದೊಂದೇ ಕಡೆ ಇರುವುದು.

ಆ ಪುಟದ ಫೋಟೋ ತೆಗೆದು ಅಣ್ಣನಿಗೆ ಕಳಿಸಿದೆ. ತಕ್ಷಣ ಫೋನ್ ಮಾಡಿದ. “ಆಸ್ಪಿರಿನ್ ಕೋಡ್ ಬರೆದಿಲ್ವೇನೋ ಅವನು? ಅದಿಲ್ಲದೆ ಹೆಲ್ತ್ ಹೆಂಗೆ ತುಂಬಿಸ್ಕೋತಿದ್ದ?”