ಜೋಗಿಮಟ್ಟಿಯಲ್ಲಿ ಬಿದ್ದ ಬೈನಾಕ್ಯುಲರ್

ಚಿತ್ರದುರ್ಗದ ಬಳಿಯ ಜೋಗಿಮಟ್ಟಿಗೆ ಹಕ್ಕಿ ನೋಡಲು ಹೋಗುವವರು ಬೈನಾಕ್ಯುಲರ್‌ನ ಪಟ್ಟಿಯನ್ನು ಎದೆಯ ಮಟ್ಟಕ್ಕೆ ಗಿಡ್ಡ ಮಾಡಿಕೊಂಡೇ ಗುಡ್ಡ ಹತ್ತಿ. ನನ್ನ ಪಟ್ಟಿ ಉದ್ದವಿತ್ತು. ಗರಸು ಮಣ್ಣಿನ ಇಳಿಜಾರಿನಲ್ಲಿ ಕಾಲು ಜಾರಿದಾಗ ನನಗಿಂತ ಮೊದಲು ಬಂಡೆಗೆ ಬಡಿದದ್ದು ಬೈನಾಕ್ಯುಲರ್.

ದಾವಣಗೆರೆಯಿಂದ ಚಿತ್ರದುರ್ಗ ಸುಮಾರು 60 ಕಿಲೋಮೀಟರ್. ಅಕ್ಕನ ಮಗನೊಂದಿಗೆ ಬೈಕಿನಲ್ಲಿ ಕತ್ತಲಿರುವಾಗಲೇ ಹೊರಟಿದ್ದೆ. ಊರು ದಾಟಿ ಆಡುಮಲ್ಲೇಶ್ವರದ ಕಡೆಯಿಂದ ಮೇಲೇರಬೇಕು. ಇದು ಅರಣ್ಯ ಇಲಾಖೆಯ ವನ್ಯಧಾಮ. ಒಳಗೆ ಬಿಡುವ ಸಮಯವನ್ನು ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ನೀರು ಹೆಚ್ಚಾಗಿಯೇ ಇರಲಿ. ನಾವು ಹುಡುಕುತ್ತಿದ್ದದ್ದು ಹಳದಿ ಕೊರಳಿನ ಪಿಕಳಾರವನ್ನು. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟು ಬೇರೆಲ್ಲೂ ಬಾಳದ ಹಕ್ಕಿ ಅದು.

"ಮಾವ, ಮೊದಲು ಮೊಣಕಾಲು ತೋರಿಸಿ" ಎಂದ ಹುಡುಗ. ತರಚಿದ ಗಾಯ, ಅಷ್ಟೆ. ನನ್ನ ಜೀವವೆಲ್ಲ ಬೈನಾಕ್ಯುಲರ್ ಮೇಲಿತ್ತು. ಗಾಜು ಒಡೆದಿರಲಿಲ್ಲ. ಸಮಾಧಾನದಿಂದ ಕಣ್ಣಿಗಿಟ್ಟರೆ ಎದುರಿನ ಗುಡ್ಡದ ಒಂದೇ ಗಾಳಿಯಂತ್ರ ಎರಡಾಗಿ ಕಂಡಿತು. ಒಂದೊಂದೇ ಕಣ್ಣು ಮುಚ್ಚಿ ನೋಡಿದೆ: ಎರಡು ಕೊಳವೆಯಲ್ಲೂ ಚಿತ್ರ ಸ್ಪಷ್ಟ. ಅಂದರೆ ಒಳಗೆ ಬೆಳಕನ್ನು ತಿರುಗಿಸುವ ಗಾಜಿನ ತುಂಡು, ಪ್ರಿಸಮ್, ಕದಲಿ, ಕೊಳವೆಗಳು ಒಂದೇ ದಿಕ್ಕಿಗೆ ನೋಡುವುದನ್ನು ನಿಲ್ಲಿಸಿದ್ದವು. ಇಂಥದ್ದರಲ್ಲಿ ಎರಡೂ ಕಣ್ಣಿನಿಂದ ನೋಡುತ್ತಲೇ ಇರಬೇಡಿ. ಎರಡು ಚಿತ್ರಗಳನ್ನು ಒಂದುಗೂಡಿಸಲು ಕಣ್ಣುಗಳು ಹೆಣಗಿ ತಲೆನೋವು ಹಿಡಿಯುತ್ತದೆ. ನಾನು ಎಡಗಣ್ಣು ಮುಚ್ಚಿ ಬಲಗೊಳವೆಯೊಂದನ್ನೇ ಬಳಸಿದೆ. ಬಂಡೆಯ ಸಂದಿನ ಪೊದೆಯಲ್ಲಿ ಪಿಕಳಾರ ಸಿಕ್ಕಿದ್ದು ಹಾಗೆಯೇ, ಒಂದೇ ಕಣ್ಣಿಗೆ. ಆ ಹಳದಿ ಗಂಟಲು ಈಗಲೂ ಕಣ್ಣಲ್ಲಿದೆ.

ಬಿದ್ದ ತಕ್ಷಣ ಅಂಗಿಯ ಚುಂಗಿನಿಂದ ಗಾಜು ಒರೆಸುವ ಆಸೆಯಾಗುತ್ತದೆ. ದಯವಿಟ್ಟು ಬೇಡ, ಮರಳಿನ ಕಣಗಳು ಲೇಪನವನ್ನು ಗೀರುತ್ತವೆ. ಗಾಳಿ ಊದುವ ರಬ್ಬರ್ ಬುರುಡೆಯಿಂದ ದೂಳು ಹಾರಿಸಿ, ಮೆತ್ತನೆಯ ಕುಂಚ ಆಡಿಸಿ, ಬಟ್ಟೆ ಕೊನೆಗೆ. ಅಲುಗಾಡಿಸಿ ಸದ್ದು ಕೇಳಲು ಹೋಗಬೇಡಿ. ಮುಂದಿನ ಕೆಲವು ದಿನ ಒಳಗಡೆ ಮಂಜು ಕಟ್ಟುತ್ತದೆಯೇ ಎಂದು ಗಮನಿಸಿ. ಕಟ್ಟಿದರೆ ನೀರು ತಡೆಯುವ ಬಿಗಿ ಸಡಿಲಾಗಿದೆ ಎಂದರ್ಥ.

ಊರಿನ ಅಂಗಡಿಯೊಂದರಲ್ಲಿ ಅಲ್ಲೇ ಬಿಚ್ಚಿ ಕೊಡುತ್ತೇವೆಂದರು. ನಾನು ಒಪ್ಪಲಿಲ್ಲ. ನನ್ನದು ಒಳಗೆ ಮಂಜು ಕಟ್ಟದಂತೆ ನೈಟ್ರೋಜನ್ ತುಂಬಿ ಮುಚ್ಚಿದ ಮಾದರಿ. ಬಿಚ್ಚಿದರೆ ಆ ಅನಿಲ ಹೊರಹೋಗುತ್ತದೆ, ಮತ್ತೆ ತುಂಬುವ ಸಲಕರಣೆ ಅಲ್ಲಿರಲಿಲ್ಲ. ಬೆಂಗಳೂರಿಗೆ ಕಳಿಸಿ ಕೊಳವೆಗಳನ್ನು ಸರಿಹೊಂದಿಸಿ ತರಿಸಿದೆ.

ನೀವು ರಿಪೇರಿ ಮಾಡಿಸಿದರೆ ಹಣ ಕೊಡುವ ಮೊದಲು ದೂರದ ವಿದ್ಯುತ್ ತಂತಿಯೊಂದನ್ನು ನೋಡುತ್ತಾ ಬೈನಾಕ್ಯುಲರನ್ನು ಕಣ್ಣಿನಿಂದ ನಿಧಾನವಾಗಿ ಗೇಣುದ್ದ ಹಿಂದಕ್ಕೆ ಎಳೆಯಿರಿ. ಎರಡೂ ವೃತ್ತಗಳಲ್ಲಿ ತಂತಿ ಒಂದೇ ಮಟ್ಟದಲ್ಲಿರಬೇಕು. ಒಂದರಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ ಕಂಡರೆ ಅಲ್ಲಿಯೇ ಹಿಂದಿರುಗಿಸಿ.