525 ಪಟ್ಟಂತೆ!

ಪಕ್ಕದ ಮನೆ ಹುಡುಗಿ ಸಂಜೆ ತಾರಸಿ ಮೇಲೆ ಮುಖ ಸಣ್ಣ ಮಾಡ್ಕೊಂಡು ಕೂತಿದ್ಲು. ಹೊಸ ಟೆಲಿಸ್ಕೋಪಲ್ಲಿ ಗುರು ಗ್ರಹ ಸಿಗ್ತಿಲ್ವಂತೆ.

ಡಬ್ಬದ ಮೇಲೆ ದಪ್ಪಕ್ಷರದಲ್ಲಿ 525 ಪಟ್ಟು ದೊಡ್ಡದಾಗಿ ತೋರಿಸುತ್ತೆ ಅಂತಿದೆ. ಲೆಕ್ಕವೇನೋ ಸರಿ: ಸಂಗಮದೂರ (ಮುಂದಿನ ಮಸೂರದಿಂದ ಬಿಂಬ ಮೂಡೋ ಜಾಗಕ್ಕಿರೋ ದೂರ) 700 ಮಿ.ಮೀ., 4 ಮಿ.ಮೀ. ಐಪೀಸ್ (ಕಣ್ಣಿಡೋ ಕಡೆಯ ಮಸೂರ) ಹಾಕಿದ್ರೆ 700 ಭಾಗಿಸು 4, ಅಂದ್ರೆ 175, ಅದಕ್ಕೆ ಮೂರು ಪಟ್ಟಿನ ಬಾರ್ಲೋ (ಪಟ್ಟು ಹೆಚ್ಚಿಸೋ ಹೆಚ್ಚುವರಿ ಮಸೂರ) ಸೇರಿಸಿದ್ರೆ 525. ಆದ್ರೆ ಮುಂದಿನ ಮಸೂರ ಬರೀ 60 ಮಿ.ಮೀ.! ಅದರ ದುಪ್ಪಟ್ಟು, ಅಂದ್ರೆ 120 ದಾಟಿದ್ಮೇಲೆ ಬರೀ ಮಬ್ಬು. ಸ್ಟ್ಯಾಂಡ್ ಬೇರೆ ಗಡಗಡ. ಭೂಮಿ ತಿರುಗ್ತಿರುತ್ತಲ್ಲ, 525 ಪಟ್ಟಲ್ಲಿ ಸಿಕ್ಕ ಗ್ರಹವೂ ಸುಮಾರು 20 ಸೆಕೆಂಡಲ್ಲಿ ಆಚೆ ಜಾರುತ್ತೆ.

ಬಾರ್ಲೋ ಎತ್ತಿಡಿ. 20 ಮಿ.ಮೀ. ಐಪೀಸ್, 35 ಪಟ್ಟು. ಗುರುವಿನ ನಾಲ್ಕು ಚಂದ್ರರಿಗೆ ಅಷ್ಟು ಸಾಕೇ ಸಾಕು.

ಫೈಂಡರ್, ಅಂದ್ರೆ ಗುರಿಹಿಡಿಯೋಕೆ ಪಕ್ಕದಲ್ಲಿರೋ ಚಿಕ್ಕ ದೂರದರ್ಶಕ, ಮಾತ್ರ ಹಗಲಲ್ಲೇ ಸರಿಮಾಡ್ಕೋಬೇಕು. ದೂರದ ಮೊಬೈಲ್ ಟವರ್ ತುದಿಯನ್ನ ಮೊದಲು ದೊಡ್ಡ ಕೊಳವೆಯ ನಡುವಿಗೆ ತನ್ನಿ, ಆಮೇಲೆ ಫೈಂಡರಿನ ಸ್ಕ್ರೂ ತಿರುಗಿಸಿ ಅದೇ ತುದಿಯನ್ನ ಅಡ್ಡಗೆರೆ ಮೇಲೆ ಕೂರಿಸಿ. ಸೂರ್ಯನ ಕಡೆ ಅಪ್ಪಿತಪ್ಪಿಯೂ ಬೇಡ, ಕಣ್ಣೇ ಹೋಗುತ್ತೆ.

ಚಿಕ್ಕಬಳ್ಳಾಪುರದಲ್ಲಿ ದಕ್ಷಿಣಕ್ಕೆ ಬೆಂಗಳೂರಿನ ಬೆಳಕು ಇದ್ದದ್ದೇ. ಗುರು, ಚಂದ್ರ ನೋಡೋಕೆ ಅದೇನೂ ಅಡ್ಡಿಯಿಲ್ಲ.

ನಮ್ಮ ಗೌರಿಬಿದನೂರಿನ ರೇಡಿಯೊ ದೂರದರ್ಶಕಕ್ಕಂತೂ ಐಪೀಸೇ ಇಲ್ಲ ಅಂದೆ.

"ಮತ್ತೆ ಹೆಂಗ್ ನೋಡ್ತಾರೆ ಅಂಕಲ್?"